ಲೋಕಾಂತ್ಯದ ಕರಡು ಓದಿದ ವರ್ಷಗಳು

ನಿವೃತ್ತಿ ಎಂಬ ಮಾತು ನನ್ನ ವಯಸ್ಸಿಗೆ ಹೊಂದುವುದಿಲ್ಲ. ಆದರೆ ನನ್ನನ್ನು ಕಳಿಸಿಕೊಟ್ಟಿದ್ದು ನಿವೃತ್ತರನ್ನು ಕಳಿಸಿಕೊಡುವ ಹಾಗೆಯೇ. ನಮ್ಮ ಸಂಪಾದಕರಾಗಿದ್ದ ಸತ್ಯಮಿತ್ರ ಸಾರ್ ಅವರ ಬೀಳ್ಕೊಡುಗೆಯೂ ಅದೇ ದಿನ ಇತ್ತು. ಸಮಾರಂಭ ಒಂದೇ ಆಗಲಿ ಎಂದು ಇಬ್ಬರನ್ನೂ ಅಕ್ಕಪಕ್ಕ ಕೂರಿಸಿ, ಒಂದೇ ಬಣ್ಣದ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ಅವರಿಗೆ ಎಪ್ಪತ್ತು ದಾಟಿತ್ತು, ನನಗೆ ಅದರ ಅರ್ಧ. ಭಾಷಣ ಮಾಡಿದವರು ಇಬ್ಬರಿಗೂ ಸೇರಿಸಿ ವಿಶ್ರಾಂತ ಜೀವನ ಸುಖಮಯವಾಗಿರಲಿ ಎಂದು ಹಾರೈಸಿದರು. ಸಾರ್ ನನ್ನ ಕಡೆ ಬಾಗಿ, "ನಿಮ್ದು ಸ್ವಲ್ಪ ಉದ್ದ ಆಗುತ್ತೆ ರೀ, ವಿಶ್ರಾಂತ ಜೀವನ," ಎಂದರು. ನಗಬೇಕಿತ್ತು. ಸುಸ್ತಾಗಿತ್ತು, ನಗಲಿಲ್ಲ.

ಈಗ ನಮ್ಮ ಕೋಣೆಯಲ್ಲಿ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಕೂರುತ್ತಾರಂತೆ. ಅವರಲ್ಲೊಬ್ಬಳು ಫೋನ್ ಮಾಡಿ, "ಅಕ್ಕ, ಈ ಕೆಲ್ಸ ನಿಜವಾಗ್ಲೂ ಹೆಂಗಿತ್ತು? ಇಲ್ಲಿ ಯಾರ್ನ ಕೇಳಿದ್ರೂ ಫೈಲ್ ತೋರಿಸ್ತಾರೆ ಅಷ್ಟೆ," ಎಂದಳು. ಫೋನಿನಲ್ಲಿ ಹೇಳುವುದು ನನಗೆ ಬರುವುದಿಲ್ಲ, ಬರೆದು ಕಳಿಸುತ್ತೇನೆ ಎಂದೆ. ಅವಳಿಗೂ ಅವಳಂತೆ ಅನುವಾದದ ಕೆಲಸಕ್ಕೆ ಬರುವವರಿಗೂ ಇದು.

ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಕ್ರೈಸ್ತ ಧರ್ಮದ ಮೊದಲ ಶತಮಾನಗಳಲ್ಲಿ, ಯಾರೆಂದು ಗೊತ್ತಿಲ್ಲದ ಬರಹಗಾರರು ಯೇಸುವಿನ ಶಿಷ್ಯರ ಹೆಸರಿಟ್ಟುಕೊಂಡು ಲೋಕ ಹೇಗೆ ಕೊನೆಯಾಗುತ್ತದೆ ಎಂದು ಬರೆದರು. ಬೆಂಕಿಯ ನದಿ ಹರಿಯುತ್ತದೆ, ಸತ್ತವರು ಏಳುತ್ತಾರೆ, ತೀರ್ಪಾಗುತ್ತದೆ, ಯಾರಿಗೆ ಯಾವ ಶಿಕ್ಷೆ ಎಂಬುದು ಶಿಷ್ಯನ ಕಣ್ಣಿಗೆ ಕಾಣುತ್ತದೆ. ಚರ್ಚು ಈ ಬರಹಗಳನ್ನು ವೇದಪುಸ್ತಕಕ್ಕೆ, ಅಂದರೆ ಬೈಬಲಿಗೆ, ಸೇರಿಸಿಕೊಳ್ಳಲಿಲ್ಲ. ಕೆಲವು ಇಡಿಯಾಗಿ ಉಳಿದಿವೆ, ಕೆಲವು ಚೂರುಗಳಾಗಿ. ಮೂಲ ಗ್ರೀಕಿನ ಹಾಳೆ ಹರಿದು ಹೋಗಿ, ಬೇರೆ ಭಾಷೆಗೆ ಆದ ಅನುವಾದ ಮಾತ್ರ ಪೂರ್ತಿ ಸಿಕ್ಕಿರುವುದೂ ಉಂಟು. ಇವನ್ನು ಕನ್ನಡಕ್ಕೆ ತರುವುದು ನಮ್ಮ ಕೆಲಸ. ದಿನವಿಡೀ ಲೋಕ ಎಷ್ಟು ಸಲ ಮುಗಿದರೂ ಸಂಜೆ ಬನಶಂಕರಿ ಬಸ್ಸಿನಲ್ಲಿ ನಿಂತುಕೊಂಡೇ ಮನೆಗೆ ಹೋಗಬೇಕಿತ್ತು.

ಆಫೀಸು ಜಯನಗರದ ಒಂದು ಹಳೆಯ ಮನೆಯ ಮಹಡಿಯಲ್ಲಿತ್ತು. ಕೆಳಗೆ ನಸೀಮಕ್ಕನ ಬ್ಲೌಸ್ ಹೊಲಿಯುವ ಅಂಗಡಿ. ಕನ್ನಡ ಎಂ.ಎ. ಮುಗಿಸಿ ನಾನು ಸಂದರ್ಶನಕ್ಕೆ ಹೋದಾಗ ಅವರ ಅಂಗಡಿಯ ಮುಂದೆಯೇ ನಿಂತು ವಿಳಾಸ ಕೇಳಿದ್ದೆ. ಮೇಲೆ ಸತ್ಯಮಿತ್ರ ಸಾರ್ ಒಬ್ಬರೇ ಕೂತಿದ್ದರು. ದೇವಶಾಸ್ತ್ರದ ಕಾಲೇಜಿನಲ್ಲಿ ಗ್ರೀಕ್ ಕಲಿಸಿ ನಿವೃತ್ತರಾದವರು. ನನ್ನ ಅರ್ಜಿ ನೋಡಿ, "ಲಿಂಗಾಯತರಾ?" ಎಂದರು.

"ಹೌದು ಸಾರ್."

"ಇದ್ರಲ್ಲೆಲ್ಲ ನಂಬಿಕೆ ಇದ್ಯಾ ನಿಮಗೆ?"

"ಇಲ್ಲ ಸಾರ್."

"ಒಳ್ಳೇದು. ನಂಬಿಕೆ ಇರೋರು ತಿದ್ದಿಬಿಡ್ತಾರೆ."

ಅದರ ಅರ್ಥ ಆಗ ಆಗಲಿಲ್ಲ. ಕೆಲಸ ಸಿಕ್ಕಿತು. ಮನೆಯಲ್ಲಿ ನಾನು ಪುಸ್ತಕದ ಕೆಲಸ ಎಂದಷ್ಟೇ ಹೇಳಿದೆ. ಕುಮಾರಸ್ವಾಮಿ ಲೇಔಟ್‌ನಲ್ಲಿ ನಮ್ಮಪ್ಪನ ಹಾರ್ಡ್‌ವೇರ್ ಅಂಗಡಿ ಇದೆ. ಅವರು ಗಿರಾಕಿಗಳಿಗೆ ಮೊಳೆ ತೂಗುತ್ತಾ "ಮಗಳು ಪಬ್ಲಿಷಿಂಗ್‌ನಲ್ಲಿದ್ದಾಳೆ" ಅನ್ನುತ್ತಿದ್ದರು. ಯಾವ ಪುಸ್ತಕ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಬೆಳಿಗ್ಗೆ ಇಷ್ಟಲಿಂಗ ಪೂಜೆ ಮುಗಿಸಿ ಹೊರಟು, ಹತ್ತು ಗಂಟೆಗೆ ಬೇರೆಯವರ ನರಕದಲ್ಲಿ ಕೂರುತ್ತಿದ್ದೆ. ಎರಡಕ್ಕೂ ಜಗಳ ಬರಲಿಲ್ಲ. ಬರುತ್ತದೆ ಎಂದು ಹೆದರಿಸುವವರು ಇರುತ್ತಾರೆ, ನೀವು ಹೆದರಬೇಡಿ.

ನನ್ನ ಮೊದಲ ಎಡವಟ್ಟು ಮೊದಲ ತಿಂಗಳಿನದೇ. ಶಿಕ್ಷೆಯ ಭಾಗವೊಂದರಲ್ಲಿ ದಂಡಿಸುವ ದೂತರು ಬರುತ್ತಾರೆ. ನಾನು ಉತ್ಸಾಹದಿಂದ ಅವರನ್ನು ಯಮಕಿಂಕರರು ಎಂದು ಬರೆದೆ. ಪಾಶ ಹಿಡಿದಿದ್ದರು ಎಂದೂ ಸೇರಿಸಿದ್ದೆ. ಸಾರ್ ಅದನ್ನು ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಚೆನ್ನಾಗಿದೆ," ಎಂದರು.

ನಾನು ಸಂತೋಷಪಟ್ಟೆ. ಆ ಆಫೀಸಿನಲ್ಲಿ ಚೆನ್ನಾಗಿದೆ ಎನ್ನುವುದು ಬೈಗುಳ ಎಂದು ಇನ್ನೂ ಗೊತ್ತಿರಲಿಲ್ಲ.

"ಯಮನ್ನ ಎಲ್ಲಿಂದ ಕರ್ಕೊಂಡ್ ಬಂದ್ರಿ?"

"ಓದೋರಿಗೆ ಬೇಗ ತಿಳೀಲಿ ಅಂತ ಸಾರ್."

"ತಿಳಿಯುತ್ತೆ. ನಿಮ್ಮಜ್ಜಿ ಹೇಳಿದ ಕಥೆ ತಿಳಿಯುತ್ತೆ. ಇದನ್ನ ಬರೆದೋನು ನಿಮ್ಮಜ್ಜಿ ಅಲ್ಲ. ಅವನು ಯಮನ್ನ ಕಂಡಿಲ್ಲ. ಅವನು ಏನ್ ಕಂಡ ಅದನ್ನಷ್ಟೇ ಬರೀರಿ."

ಪ್ರಳಯ ಎಂಬ ಪದವನ್ನೂ ಹೀಗೆಯೇ ಬಿಡಬೇಕಾಯಿತು. ನಮ್ಮವರಿಗೆ ಪ್ರಳಯ ಎಂದರೆ ನೀರು, ಅದು ಮತ್ತೆ ಮತ್ತೆ ಬರುತ್ತದೆ, ಆಮೇಲೆ ಮತ್ತೆ ಸೃಷ್ಟಿಯಾಗುತ್ತದೆ. ಈ ಬರಹಗಳಲ್ಲಿ ಬೆಂಕಿ, ಅದೂ ಒಂದೇ ಸಲ. ಆಮೇಲೆ ತಿದ್ದಿಕೊಳ್ಳಲು ಅವಕಾಶವಿಲ್ಲ. ಆ ಒಂದೇ ಸಲದ ಭಯ ಪ್ರಳಯ ಎಂಬ ಮಾತಿನಲ್ಲಿ ಬರುವುದಿಲ್ಲ. ಲೋಕಾಂತ್ಯ ಎಂದು ಬರೆದೆವು. ಶನಿವಾರಗಳಲ್ಲಿ ಸಾರ್ ನನಗೆ ಗ್ರೀಕ್ ಓದುವುದನ್ನು ಕಲಿಸಿದರು. ಮಾತಾಡುವಷ್ಟಲ್ಲ. ಇಂಗ್ಲಿಷ್ ಅನುವಾದದವರು ಎಲ್ಲಿ ಮೂಲದ ಕಷ್ಟವನ್ನು ನುಣ್ಣಗೆ ಮಾಡಿ ದಾಟಿಸಿದ್ದಾರೆ ಎಂದು ಕಂಡುಹಿಡಿಯುವಷ್ಟು.

ಕರಡು ಸಿದ್ಧವಾದ ಮೇಲೆ ಬರುತ್ತಿದ್ದುದು ಕೇಳಿಸುವ ದಿನ. ಈ ಕ್ರಮ ಈಗ ಇಲ್ಲ. ಹಾಗಾಗಿ ವಿವರವಾಗಿ ಬರೆಯುತ್ತೇನೆ.

ತಿಂಗಳಿಗೊಂದು ಗುರುವಾರ, ಬೇರೆ ಬೇರೆ ಚರ್ಚುಗಳ ಆರೇಳು ಮಂದಿ ಸಾಮಾನ್ಯ ಜನರನ್ನು ಕರೆಯುತ್ತಿದ್ದೆವು. ನಾನು ಕರಡನ್ನು ಗಟ್ಟಿಯಾಗಿ ಓದಬೇಕು. ಓದುವಾಗ ಮುಖದಲ್ಲಿ ಏನೂ ತೋರಿಸಬಾರದು. ಪ್ರಶ್ನೆಗೆ ಉತ್ತರ ಕೊಡಬಾರದು. ಓದಿ ಮುಗಿದ ಮೇಲೆ ಅವರು ತಾವು ಕೇಳಿದ್ದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಇದಕ್ಕೆ ನಾವು ಒಪ್ಪಿಸುವುದು ಅನ್ನುತ್ತಿದ್ದೆವು. ಅವರು ಒಪ್ಪಿಸುವಾಗ ಏನನ್ನು ಬಿಟ್ಟರು, ಏನನ್ನು ಸೇರಿಸಿದರು ಎಂದು ನಾನು ಗುರುತು ಹಾಕಿಕೊಳ್ಳುತ್ತಿದ್ದೆ. ಬಿಟ್ಟ ಕಡೆ ನಮ್ಮ ಕನ್ನಡ ಕೆಟ್ಟಿದೆ ಎಂದರ್ಥ. ಎಲ್ಲಕ್ಕಿಂತ ಮೊದಲು, ಓದಲು ಶುರು ಮಾಡುವಾಗಲೇ, "ಇದು ವಾಕ್ಯ ಅಲ್ಲ" ಎಂದು ಹೇಳಬೇಕಿತ್ತು. ವೇದಪುಸ್ತಕದಲ್ಲಿ ಇರುವುದನ್ನು ಅವರು ವಾಕ್ಯ ಅನ್ನುತ್ತಾರೆ. ಇದನ್ನು ವಾಕ್ಯದ ಹಾಗೆ ನಂಬಬೇಡಿ ಎಂಬ ಎಚ್ಚರಿಕೆ ಅದು. ಎಲ್ಲರೂ ತಲೆಯಾಡಿಸುತ್ತಿದ್ದರು. ತಲೆಯಾಡಿಸುವುದು ಎಂದರೆ ಒಪ್ಪಿಕೊಂಡಂತಲ್ಲ ಎಂದು ತಿಳಿಯಲು ನನಗೆ ವರ್ಷಗಳು ಹಿಡಿದವು.

ಶಿಕ್ಷೆಗಳ ಭಾಗ ಓದುವ ದಿನಗಳಲ್ಲಿ ಕಿಟಕಿ ತೆಗೆದಿರುತ್ತಿತ್ತು. ಒಂದು ಮಧ್ಯಾಹ್ನ ನಸೀಮಕ್ಕ ಕುತ್ತಿಗೆಗೆ ಟೇಪು ಹಾಕಿಕೊಂಡೇ ಮೆಟ್ಟಿಲು ಹತ್ತಿ ಬಂದರು.

"ಮೇಡಂ, ಒಂದ್ ಮಾತು. ನೀವು ನಾಲಿಗೇಲಿ ನೇತಾಕೋದು ಓದ್ತಿದ್ರಲ್ಲ, ಮದ್ವೆ ಬ್ಲೌಸ್ ಟ್ರಯಲ್‌ಗೆ ಬಂದಿದ್ ಹುಡುಗಿ ಗಾಬ್ರಿ ಆಗ್ಬಿಟ್ಲು. ಆ ಐಟಂ ಎಲ್ಲ ಬೆಳಿಗ್ಗೆ ಮುಗಿಸ್ಕೊಳ್ಳಿ."

"ಕ್ಷಮಿಸಿ ಅಕ್ಕ, ಕಿಟಕಿ ಹಾಕ್ತೀನಿ."

"ಕಿಟಕಿ ಹಾಕ್ಬೇಡಿ, ನಂಗೆ ಕಥೆ ಬೇಕು. ಟೈಮ್ ಚೇಂಜ್ ಮಾಡಿ."

ಕೇಳುಗರಲ್ಲಿ ಶೀಬಾ ಎಂಬಾಕೆ ಇದ್ದಳು. ಉತ್ತರಹಳ್ಳಿಯಲ್ಲಿ ಬ್ಯೂಟಿ ಪಾರ್ಲರ್ ಇಟ್ಟುಕೊಂಡಿದ್ದಳು. ಒಂದು ಬರಹದಲ್ಲಿ ಪರಪುರುಷರಿಗಾಗಿ ಸಿಂಗರಿಸಿಕೊಂಡ ಹೆಂಗಸರನ್ನು ಕುದಿಯುವ ಕೆಸರಿನ ಮೇಲೆ ಜಡೆಯಿಂದ ತೂಗುಹಾಕುತ್ತಾರೆ. ಅದನ್ನು ಒಪ್ಪಿಸುವ ಸರದಿ ಅವಳಿಗೇ ಬಂತು.

"ಜಡೆ ಹೆಣೆಸ್ಕೊಂಡೋರ್ನ ಜಡೇಲೇ ನೇತಾಕ್ತಾರಂತೆ. ಹಾಗಾದ್ರೆ ಹೆಣೆದೋಳ ಗತಿ ಏನು ಮೇಡಂ? ನಮ್ಗೆ ಸಪರೇಟ್ ಸೆಕ್ಷನ್ ಇರ್ಬೇಕು."

ಎಲ್ಲರೂ ನಕ್ಕರು. ನಾನು ಮುಖದಲ್ಲಿ ಏನೂ ತೋರಿಸದೆ ಕೂತಿದ್ದೆ, ನಿಯಮ ಅದು. ಅವಳು ಒಪ್ಪಿಸುವಾಗ 'ಪರಪುರುಷರಿಗಾಗಿ' ಎಂಬುದು ಬಿಟ್ಟುಹೋಗಿತ್ತು. ನಮ್ಮ ಕರಡಿನಲ್ಲಿ ಆ ಮಾತು ಸಾಲಿನ ಕೊನೆಯಲ್ಲಿ ಹುದುಗಿಕೊಂಡಿತ್ತು. ಮುಂದಕ್ಕೆ ತಂದೆವು. ಅವಳು ತಮಾಷೆ ಮಾಡಿರದಿದ್ದರೆ, ಸಿಂಗರಿಸಿಕೊಂಡ ಎಲ್ಲ ಹೆಂಗಸರನ್ನೂ ನಾವು ಕೆಸರಿನ ಮೇಲೆ ತೂಗುಹಾಕಿಬಿಡುತ್ತಿದ್ದೆವು.

ಅದೇ ಶೀಬಾಳಿಂದ ದೊಡ್ಡ ಅವಾಂತರವೂ ಆಯಿತು. ಕೊನೆಯ ಏಳು ದಿನಗಳಲ್ಲಿ ದಿನಕ್ಕೊಂದರಂತೆ ಆಕಾಶದಲ್ಲಿ ಕಾಣುವ ಸೂಚನೆಗಳನ್ನು ವಿವರಿಸುವ ಒಂದು ಬರಹವಿದೆ. ಮೊದಲ ದಿನ ರಕ್ತದ ಮೋಡ, ಹೀಗೆ. ನಾನು ಓದುತ್ತಿದ್ದುದನ್ನು ಅವಳು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ತಂಗಿಗೆ ಕಳಿಸಿದ್ದಳು, ತಂಗಿಗೆ ಮಾತ್ರ. ಹತ್ತೇ ದಿನಕ್ಕೆ ಅದು ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಬಂತು. ಹಿಂದೆ ಕೊಳಲು ಸೇರಿಸಿದ್ದರು, 'ಇದು ವಾಕ್ಯ ಅಲ್ಲ' ಎಂಬ ಭಾಗ ಕತ್ತರಿಸಿದ್ದರು. ಚಿಕ್ಕಮ್ಮ ಅದನ್ನು ಹಾಕಿ, "ಇವತ್ತು ಮೊದಲನೇ ದಿನವಂತೆ. ಎಲ್ಲರೂ ನೀರು ತುಂಬಿಸಿಟ್ಟುಕೊಳ್ಳಿ," ಎಂದು ಬರೆದಿದ್ದರು. ನಮ್ಮ ಮಾವ, "ಧ್ವನಿ ನಮ್ ಹುಡುಗಿ ಥರಾನೇ ಇದೆಯಲ್ಲ," ಎಂದು ಕೇಳಿದರು. ನಾನು ಬಹಳ ಹೊತ್ತು ಯೋಚಿಸಿ, "ಹೌದು, ಥರ ಇದೆ," ಎಂದು ಬರೆದೆ. ಅದು ಸುಳ್ಳಲ್ಲ. ಏಳು ದಿನ ಕಳೆದ ಮೇಲೆ ಚಿಕ್ಕಮ್ಮ ತುಂಬಿಸಿಟ್ಟ ನೀರನ್ನೆಲ್ಲ ಗಿಡಗಳಿಗೆ ಹಾಕಿದರು. ಆ ಬಗ್ಗೆ ಮತ್ತೆ ಯಾರೂ ಮಾತಾಡಲಿಲ್ಲ.

ಆಫೀಸಿನಲ್ಲಿ ಮಾತಾಡಿದರು. ಅಂದಿನಿಂದ ಎರಡು ನಿಯಮ ಬಂದವು. ಕೇಳುಗರ ಫೋನುಗಳೆಲ್ಲ ಕೆಳಗೆ ನಸೀಮಕ್ಕನ ಬುಟ್ಟಿಯಲ್ಲಿ. ಮತ್ತು ಓದುವವಳ ಹೆಸರು ಕೇಳುಗರಿಗೆ ಹೇಳುವಂತಿಲ್ಲ. ಶೀಬಾ ಬಿಟ್ಟುಹೋದಳು, ಉಳಿದ ಹಳಬರೂ ಬಿಟ್ಟರು, ಅವರ ಜಾಗಕ್ಕೆ ಹೊಸಬರು ಬಂದರು. ಅವರೆಲ್ಲರಿಗೂ ನಾನು ಮೇಡಂ ಅಷ್ಟೆ. ನಿಜ ಹೇಳಬೇಕೆಂದರೆ ಈ ನಿಯಮ ನನಗೆ ಹಿತವಾಗಿಯೇ ಇತ್ತು. ಹೆಸರಿಲ್ಲದವರು ಬರೆದದ್ದನ್ನು ಹೆಸರಿಲ್ಲದವಳು ಓದುವುದು ಸರಿಯಾದ ಏರ್ಪಾಡು ಅನಿಸುತ್ತಿತ್ತು.

ರೂತಮ್ಮ ಬಂದದ್ದು ಆ ಹೊಸಬರ ಜೊತೆ.

ಸಿದ್ದಾಪುರದವರು. ಹೆರಿಗೆ ಆಸ್ಪತ್ರೆಯೊಂದರಲ್ಲಿ ಆಯಾ ಆಗಿದ್ದು ಬಿಟ್ಟವರು. ಅಂಚು ಸವೆದ ಕಾಟನ್ ಸೀರೆ, ಕೈಯಲ್ಲಿ ವೈರ್ ಬ್ಯಾಗು. ಒಪ್ಪಿಸುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಮೊದಮೊದಲು ಬಹಳ ಬಿಟ್ಟುಬಿಡುತ್ತಿದ್ದರು. ಊಟಕ್ಕೆ ಕೊಡುತ್ತಿದ್ದ ಚಿತ್ರಾನ್ನದಲ್ಲಿ ಕಡಲೆಬೀಜ ಕಮ್ಮಿ ಎಂಬುದನ್ನು ಮಾತ್ರ ಪ್ರತಿ ತಿಂಗಳೂ ಮರೆಯದೆ ಹೇಳುತ್ತಿದ್ದರು.

ಒಂದು ಗುರುವಾರ ನಾನು ಓದಿದ ಬರಹದ ಕೊನೆಯಲ್ಲಿ ಹೀಗಿತ್ತು: ತೀರ್ಪು ಮುಗಿದ ಮೇಲೆ, ರಕ್ಷಣೆ ಹೊಂದಿದವರು ಶಿಕ್ಷೆಯಲ್ಲಿರುವವರಿಗಾಗಿ ದೇವರನ್ನು ಬೇಡಿಕೊಂಡರೆ, ಅವರು ಯಾರ್ಯಾರಿಗಾಗಿ ಬೇಡಿದರೋ ಅವರನ್ನೆಲ್ಲ ಬಿಟ್ಟುಕೊಡಲಾಗುತ್ತದೆ. ಅಷ್ಟು ಹೊತ್ತು ಬೆಂಕಿ, ಕೊಕ್ಕೆ, ಕೆಸರು ಓದಿ ದಣಿದಿದ್ದ ನನಗೂ ಆ ಜಾಗ ಬಂದಾಗ ಉಸಿರು ಸಡಿಲವಾಗುತ್ತಿತ್ತು. ನಮ್ಮ ಕರಡಿನಲ್ಲಿ ಅದು 'ಆರಿಸಲ್ಪಟ್ಟವರು ಯಾರನ್ನು ಯಾಚಿಸುವರೋ' ಎಂದು ಬಿಗಿಯಾಗಿ ನಿಂತಿತ್ತು.

ಒಪ್ಪಿಸುವ ಸರದಿ ರೂತಮ್ಮನದು. ಕಣ್ಣು ಮುಚ್ಚಿಕೊಂಡರು.

"ಒಳಗಿರೋರು ಹೊರಗಿರೋರ ಹೆಸ್ರು ಹೇಳಿ ಕೇಳ್ತಾರಂತೆ. ಕೇಳಿದ್ರೆ, ದೇವ್ರು ತಕೋ ಅಂತ ಅವ್ರ ಕೈಗೇ ಕೊಟ್ಬಿಡ್ತಾನಂತೆ."

ಆಮೇಲೆ ಕಣ್ಣು ಬಿಟ್ಟು ನನ್ನನ್ನು ನೋಡಿದರು.

"ಹಂಗಾದ್ರೆ ಮೇಡಂ, ಕೇಳೋಕೆ ಅಂತ ಯಾರಾದ್ರೂ ಒಳಗಿರ್ಬೇಕಲ್ಲ?"

ಪ್ರಶ್ನೆಗೆ ಉತ್ತರ ಕೊಡಬಾರದು. ಕೊಡಲಿಲ್ಲ.

ಸಂಜೆ ಸಾರ್‌ಗೆ ಅವರ ಮಾತನ್ನು ಓದಿ ಹೇಳಿದೆ. ಅವರು ಗ್ರೀಕ್ ಹಾಳೆಯ ಪ್ರತಿಯನ್ನು ಹತ್ತಿರ ಎಳೆದುಕೊಂಡು ಸ್ವಲ್ಪ ಹೊತ್ತು ನೋಡಿ, "ಹೆಸ್ರು ಅನ್ನೋದು ಮೂಲದಲ್ಲಿಲ್ಲ. ಕೈಗೆ ಅನ್ನೋದೂ ಇಲ್ಲ. ಉಳಿದದ್ದು ನಮಗಿಂತ ಸರಿಯಾಗಿದೆ," ಎಂದರು. 'ಯಾಚಿಸುವರೋ' ಹೋಯಿತು, 'ಕೇಳುವರೋ' ಬಂತು. ಚೆನ್ನಾಗಿದೆ ಎಂದು ಅವರು ಹೇಳಲಿಲ್ಲ.

ಮುಂದಿನ ತಿಂಗಳು ಊಟದ ಹೊತ್ತಿನಲ್ಲಿ ರೂತಮ್ಮ ನನ್ನ ಪಕ್ಕದಲ್ಲಿ ತಟ್ಟೆ ಇಟ್ಟುಕೊಂಡು ಕೂತರು. ಕೇಳದೆಯೇ ಹೇಳಿದರು. ಅವರ ಒಬ್ಬನೇ ಮಗ ಸುನಿಲ, ಆಟೋ ಓಡಿಸುತ್ತಿದ್ದ. ಚರ್ಚಿನಲ್ಲಿ ಯಾವುದೋ ಮಾತಿಗೆ ಮಾತು ಬೆಳೆದು, ಹೋಗುವುದನ್ನು ನಿಲ್ಲಿಸಿದ. ಕುಡಿತ ಹೆಚ್ಚಾಯಿತು. ಕಾಮಾಲೆ ಬಂತು. ಕೊನೆಯ ವಾರ ಪಾಸ್ಟರ್ ಆಸ್ಪತ್ರೆಗೆ ಬಂದು ಪ್ರಾರ್ಥನೆ ಮಾಡೋಣ ಎಂದಾಗ ಅವನು ಗೋಡೆ ಕಡೆ ತಿರುಗಿ ಮಲಗಿದನಂತೆ.

"ಮಣ್ಣು ಮಾಡೋವಾಗ ಪಾಸ್ಟರ್ ಅಯ್ಯನವರು ಎಲ್ಲಾರಿಗೂ ಹೇಳೋ ಹಂಗೆ, ಪರಲೋಕದಲ್ಲಿ ಮತ್ತೆ ನೋಡ್ತೀವಿ ಅಂತ ಹೇಳ್ಲಿಲ್ಲ. ನಾನು ಮನೆಗೆ ಹೋಗಿ ಕೇಳ್ದೆ. 'ಕಡೇವರೆಗೂ ಅವ್ನು ದೇವ್ರ ಕಡೆ ತಿರುಗ್ಲಿಲ್ಲಮ್ಮ, ನಾನು ಸುಳ್ಳು ಹೇಳಕ್ಕಾಗಲ್ಲ' ಅಂದ್ರು. ಅವ್ರು ಒಳ್ಳೇವ್ರೆ. ಸುಳ್ಳು ಹೇಳಲ್ಲ." ತಟ್ಟೆಯಲ್ಲಿದ್ದ ಅನ್ನವನ್ನು ಒಂದು ಕಡೆಗೆ ಸರಿಸಿದರು. "ನೀವ್ ಓದಿದ್ರಲ್ಲ ಮೇಡಂ, ಅದು ಹಳೇದಾ?"

"ಬಹಳ ಹಳೇದು. ಆದ್ರೆ ಅದು ವಾಕ್ಯ ಅಲ್ಲ ರೂತಮ್ಮ."

"ಗೊತ್ತು. ಪ್ರತೀ ಸಲ ಹೇಳ್ತೀರಲ್ಲ."

ಫೋನು ಬುಟ್ಟಿಯಲ್ಲಿತ್ತು. ರೆಕಾರ್ಡ್ ಮಾಡಿಕೊಳ್ಳಲು ಅವರಿಗೆ ಬರುತ್ತಲೂ ಇರಲಿಲ್ಲ. ಆದರೆ ತಿರುಗಿ ಹೇಳು ಎಂದು ನಾವೇ ಹೇಳಿದ್ದೆವು. ತಿರುಗಿ ಹೇಳಿದ್ದು ಬಾಯಲ್ಲಿ ಉಳಿಯುತ್ತದೆ. ಅನುವಾದ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಮಾಡಿಕೊಂಡ ಕ್ರಮ, ಒಬ್ಬ ತಾಯಿಯ ಬಾಯಿಗೆ ಒಂದು ಮಾತನ್ನು ಹಾಕಿಬಿಟ್ಟಿತ್ತು. ಇಷ್ಟು ವರ್ಷ ಈ ಕೆಲಸ ಮಾಡಿದ ನಮಗೆ ಅದು ಹೊಳೆದಿರಲೇ ಇಲ್ಲ.

ತಿಂಗಳೆರಡರಲ್ಲಿ ಅದು ಹೊರಗೆ ಬಂತು. ಅವರ ಚರ್ಚಿನ ಸ್ತ್ರೀಯರ ಕೂಟದಲ್ಲಿ, ಗಂಡನನ್ನು ಕಳೆದುಕೊಂಡ ಯಾರೋ ಅಳುತ್ತಿದ್ದಾಗ ರೂತಮ್ಮ ಎದ್ದು ನಿಂತು ಆ ಮಾತು ಹೇಳಿದ್ದರು. ಹೇಳಿದ ಕೂಡಲೇ ನಾಲ್ಕು ಜನ ಹೆಂಗಸರು, ತಮ್ಮವರನ್ನೂ ಕೇಳಬಹುದಾ ಎಂದು ಅವರ ಪಾಸ್ಟರ ಮನೆಗೆ ಹೋಗಿದ್ದರು. ಪಾಸ್ಟರು ನಮ್ಮ ಆಫೀಸಿಗೆ ಬಂದರು. ನಾನು ಜಗಳಗಂಟರೊಬ್ಬರನ್ನು ನಿರೀಕ್ಷಿಸಿದ್ದೆ. ಬಂದವರು ತೆಳ್ಳಗಿನ, ದಣಿದ ಮನುಷ್ಯ.

"ಸತ್ತ ಮೇಲೆ ಯಾರಾದ್ರೂ ಕೇಳಿ ಬಿಡಿಸ್ಕೊಳ್ತಾರೆ ಅಂದ್ರೆ, ಬದುಕಿರೋವಾಗ ಯಾರು ಸಾರ್ ತಿರುಗ್ತಾರೆ?" ಎಂದು ಅವರು ಸಾರ್ ಅವರನ್ನು ಕೇಳಿದರು.

ಅವರು ಹೋದ ಮೇಲೆ ಸಾರ್ ನನಗೆ, "ಹಿಂದೆ ಈ ಬರಹವನ್ನ ಕೈಯಲ್ಲಿ ಪ್ರತಿ ಮಾಡಿದ ನಕಲುಗಾರನೂ ಇದನ್ನೇ ಕೇಳಿದ್ದಾನೆ," ಎಂದರು. ಆ ಬರಹದ ಇತಿಹಾಸವನ್ನು ಆವತ್ತು ಪೂರ್ತಿ ಹೇಳಿದರು. ಬಿಟ್ಟುಕೊಡುವ ಮಾತು ಇರುವುದು ಹರಿದ ಒಂದು ಗ್ರೀಕ್ ಹಾಳೆಯಲ್ಲಿ. ಅದೇ ಹಳೆಯದು. ಪೂರ್ತಿ ಸಿಕ್ಕಿರುವ ಪ್ರತಿ ನಂತರದ್ದು, ಬೇರೆ ಭಾಷೆಯದು. ಅದರಲ್ಲಿ ಅದೇ ಜಾಗದಲ್ಲಿ ಮಾತು ಬೇರೆಯಾಗಿದೆ, ಬಿಡುಗಡೆಯ ಅರ್ಥ ಇಲ್ಲ. ಪಾಪ ಮಾಡುವವರಿಗೆ ಇದು ಗೊತ್ತಾದರೆ ಇನ್ನಷ್ಟು ಮಾಡುತ್ತಾರೆ ಎಂದು ನಡುವೆ ಯಾರೋ ಹೆದರಿ ತಿದ್ದಿರಬೇಕು ಎಂಬುದು ಅವರ ಊಹೆ. ಸಂದರ್ಶನದ ದಿನ ಅವರು ಹೇಳಿದ ಮಾತು ನನಗೆ ಆಗ ಅರ್ಥವಾಯಿತು.

ಪುಸ್ತಕಗಳನ್ನು ಹೊರತರುತ್ತಿದ್ದ ನಮ್ಮ ಸಮಿತಿ ಸೇರಿತು. ಅಧ್ಯಕ್ಷರು ಆ ಸಾಲನ್ನೇ ಕೈಬಿಡೋಣ ಎಂದರು.

"ಒಂದು ಹರಿದ ಹಾಳೆಗೋಸ್ಕರ ಇಷ್ಟೊಂದು ಚರ್ಚುಗಳ ಮನಸ್ಸು ಕೆಡಿಸೋದು ಬೇಕಾ ಸತ್ಯಮಿತ್ರ ಅವರೇ? ಪೂರ್ತಿ ಪ್ರತಿ ಇದೆಯಲ್ಲ, ಅದನ್ನೇ ಅನುಸರಿಸೋಣ."

"ಪೂರ್ತಿ ಇರೋದೆಲ್ಲ ಸರಿ ಇರಲ್ಲ."

"ಸರಿ ಇಲ್ಲ ಅಂತ ಪ್ರಮಾಣ ಮಾಡಿ ಹೇಳ್ತೀರಾ?"

ಸಾರ್ ಪ್ರಮಾಣ ಮಾಡಲಿಲ್ಲ. ಪಂಡಿತರ ಕಷ್ಟ ಅದು. ಹೀಗೂ ಇರಬಹುದು ಎಂಬುದನ್ನು ಅವರು ಬಿಡಲಾರರು. ಅಧ್ಯಕ್ಷರು ನನ್ನ ಕಡೆ ತಿರುಗಿದರು. ಹರಿದ ಹಾಳೆಯೇ ಹಳೆಯದು, ಅದು ಮುಖ್ಯ ಪಠ್ಯದಲ್ಲಿರಬೇಕು ಎಂದೆ. ನನ್ನ ಧ್ವನಿ ಓದುವ ಧ್ವನಿಯಂತೆಯೇ ಬಂತು, ಯಾವ ಏರಿಳಿತವೂ ಇಲ್ಲದೆ. ಅದು ಅಭಿಪ್ರಾಯ ಎಂದು ಯಾರಿಗೂ ಅನಿಸಲಿಲ್ಲ. ಕೊನೆಗೆ ಸಾರ್, "ಅಡಿಟಿಪ್ಪಣಿಯಲ್ಲಾದ್ರೂ ಇರ್ಬೇಕು. ಇಲ್ದಿದ್ರೆ ನನ್ನ ಹೆಸರು ತೆಗೀರಿ," ಎಂದರು. ಅದಕ್ಕೆ ಒಪ್ಪಿದರು. ಮೇಲೆ ಪೂರ್ತಿ ಪ್ರತಿಯ ಮಾತು, ಕೆಳಗೆ ಸಣ್ಣ ಅಕ್ಷರದಲ್ಲಿ ಹರಿದ ಹಾಳೆಯ ಮಾತು. ಇಳಿಯುವಾಗ ಮೆಟ್ಟಿಲ ಮೇಲೆ ಸಾರ್, "ನಕಲುಗಾರನ ಕೆಲಸ ನಾವೂ ಮಾಡಿದ ಹಾಗಾಯ್ತು. ಅವನು ಅಳಿಸಿದ, ನಾವು ಸಣ್ಣದು ಮಾಡಿದ್ವಿ," ಎಂದರು. ಆವತ್ತು ಅವರು ಆಟೋ ಮಾಡಿಕೊಂಡು ಹೋದರು. ಯಾವತ್ತೂ ಬಸ್ಸಿನಲ್ಲೇ ಹೋಗುವವರು.

ಅದೇ ಹೊತ್ತಿಗೆ ಕೆಲಸದ ಕ್ರಮವೂ ಬದಲಾಯಿತು. ಮೊದಲ ಕರಡನ್ನು ಕಂಪ್ಯೂಟರೇ ಮಾಡಿಕೊಡತೊಡಗಿತು. ಒಂದು ವರ್ಷದ ಕೆಲಸ ಒಂದು ಮಧ್ಯಾಹ್ನದಲ್ಲಿ ಬಂದು ಬಿತ್ತು. ನಾವು ಅದನ್ನು ತಿದ್ದಬೇಕು. ಹೊಸ ಹುಡುಗಿಯರೇ, ನೀವು ಮಾಡುತ್ತಿರುವುದು ಇದನ್ನೇ. ನಾನು ಅದನ್ನು ಹಳಿಯುವುದಿಲ್ಲ. ಮೊದಲ ಓದಿಗೆ ಅದು ಚೆನ್ನಾಗಿತ್ತು. ನಮ್ಮ ಆಫೀಸಿನ ಅರ್ಥದಲ್ಲಿ ಚೆನ್ನಾಗಿತ್ತು. ಮೂಲದವನು ತಡವರಿಸಿದ ಕಡೆ ತಡವರಿಸುವುದಿಲ್ಲ, ಹಾಳೆ ಹರಿದ ಕಡೆ ಹರಿದಂತೆ ಕಾಣುವುದಿಲ್ಲ, ಎಲ್ಲ ಒಂದೇ ನಯ. ಎಲ್ಲಿ ಅನುಮಾನ ಪಡಬೇಕೋ ಅಲ್ಲಿ ಕಣ್ಣು ಜಾರಿಹೋಗುತ್ತದೆ. ದಿನವಿಡೀ ಪರದೆಯ ಮೇಲೆ ಜಾರದಂತೆ ನಿಲ್ಲುವುದರಲ್ಲಿಯೇ ನನ್ನ ಕಣ್ಣು ಕೆಟ್ಟಿತು. ತಲೆನೋವು ಶುರುವಾಯಿತು. ಕರಡು ಬೇಗ ಬರುವುದರಿಂದ ಕೇಳಿಸುವ ದಿನಕ್ಕೆ ಸಮಯವಿಲ್ಲ ಎಂದು ಅದನ್ನು ನಿಲ್ಲಿಸುವ ತೀರ್ಮಾನ ಬಂತು. ಆ ಸಾಲಿದ್ದ ಪುಸ್ತಕದ ಅಂತಿಮ ಪಠ್ಯವನ್ನು ಮಾತ್ರ ಹಳೆಯ ನಿಯಮದಂತೆ ಒಂದು ಸಲ ಓದಿ, ಮುಗಿಸಬೇಕು ಎಂದರು. ಸಾರ್ ಹೊರಡುವುದು ಮೊದಲೇ ನಿಶ್ಚಯವಾಗಿತ್ತು. ನಾನೂ ಬಿಡುತ್ತೇನೆ ಎಂದು ಆಗ ಬರೆದುಕೊಟ್ಟೆ. ಯಾರಿಗೂ ಓದಿ ಹೇಳದೆ ತಿದ್ದುವುದು ನನಗೆ ಬರುವುದಿಲ್ಲ.

ಕೊನೆಯ ಗುರುವಾರ ರೂತಮ್ಮ ಎಲ್ಲರಿಗಿಂತ ಮೊದಲು ಬಂದರು. ಮೆಟ್ಟಿಲು ಹತ್ತಿ ಬಹಳ ಹೊತ್ತು ಉಸಿರೆಳೆದುಕೊಂಡರು. ಕಾಲು ಊದಿತ್ತು. ನಾನು ನೋಡಿದ್ದನ್ನು ನೋಡಿ, "ವಯಸ್ಸಾಯ್ತಲ್ಲ ಮೇಡಂ, ಹೊರಡೋ ಟೈಮು," ಎಂದರು. ದುಃಖದಿಂದ ಹೇಳಲಿಲ್ಲ. ಊರಿಗೆ ಹೋಗಲು ಟಿಕೆಟ್ ಆಗಿದೆ ಎನ್ನುವವರ ಹಾಗೆ ಹೇಳಿದರು.

ಇದು ವಾಕ್ಯ ಅಲ್ಲ ಎಂದು ಹೇಳಿ ಓದಿದೆ. ಆ ಜಾಗ ಬಂತು. ಪೂರ್ತಿ ಪ್ರತಿಯ ಮಾತನ್ನು ಓದಿದೆ, ಮುಂದೆ ಹೋದೆ. ಅಡಿಟಿಪ್ಪಣಿಗಳನ್ನು ಕೇಳಿಸುವ ದಿನ ಯಾವತ್ತೂ ಓದುತ್ತಿರಲಿಲ್ಲ. ಅವು ಕಣ್ಣಿಗೆ, ಕಿವಿಗಲ್ಲ ಎಂಬ ರೂಢಿ. ಓದಿ ಮುಗಿಸಿ ಎಲ್ಲರಿಂದಲೂ ಒಪ್ಪಿಸಿಕೊಂಡೆ. ರೂತಮ್ಮನ ಸರದಿ ಬಂದಾಗ ಅವರು ಕಣ್ಣು ಮುಚ್ಚಲಿಲ್ಲ.

"ಆ ಮಾತು ಓದ್ಲಿಲ್ವಲ್ಲ ಮೇಡಂ. ಒಳಗಿರೋರು ಕೇಳೋದು. ಮರೆತ್ರಾ?"

ಉಳಿದವರು ನನ್ನನ್ನು ನೋಡಿದರು. ಉತ್ತರ ಕೊಡಬಾರದು.

"ಮರೀಲಿಲ್ಲ," ಎಂದೆ.

"ತೆಗೆದ್‌ಬಿಟ್ರಾ?"

"ಇಲ್ಲ. ಕೆಳಗೆ ಹಾಕಿದ್ದಾರೆ. ಸಣ್ಣ ಅಕ್ಷರದಲ್ಲಿ."

"ಪುಸ್ತಕದ ಒಳಗಿದ್ಯಾ, ಹೊರಗಿದ್ಯಾ?"

"ಒಳಗೇ ಇದೆ."

"ಹಂಗಾದ್ರೆ ಅದನ್ನೂ ಓದಿ. ನನ್ಗೆ ಸಣ್ಣ ಅಕ್ಷರ ಕಾಣಲ್ಲ."

ಸಾರ್ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದರು. ನಾನು ಅವರ ಕಡೆ ನೋಡಿದೆ. ಅವರು ಎದ್ದು ಹೋಗಿ, ಮುಚ್ಚಿದ್ದ ಕಿಟಕಿಯನ್ನು ತೆಗೆದು ಬಂದು ಮತ್ತೆ ಕೂತರು. ಕೆಳಗೆ ನಸೀಮಕ್ಕನ ಹೊಲಿಗೆ ಯಂತ್ರ ನಿಂತಿತು.

ನಾನು ಅಡಿಟಿಪ್ಪಣಿಯನ್ನು ಗಟ್ಟಿಯಾಗಿ ಓದಿದೆ. ಯಾವ ಹಾಳೆ, ಎಲ್ಲಿ ಹರಿದಿದೆ, ಯಾವ ಅಕ್ಷರ ಊಹೆಯದು ಎಂಬುದನ್ನೆಲ್ಲ ಬಿಡದೆ ಓದಿದೆ. ನಡುವೆ ಆ ಮಾತು ಬಂತು. ರೂತಮ್ಮ ಈಗ ಕಣ್ಣು ಮುಚ್ಚಿದ್ದರು. ಅದನ್ನು ಒಪ್ಪಿಸಿ ಎಂದು ನಾನು ಕೇಳಲಿಲ್ಲ, ಅವರೂ ಒಪ್ಪಿಸಲಿಲ್ಲ.

ಎಲ್ಲರೂ ಇಳಿದು ಹೋದ ಮೇಲೆ ಅವರು ವೈರ್ ಬ್ಯಾಗು ಹಿಡಿದುಕೊಂಡು ಮೇಜಿನ ಹತ್ತಿರ ಬಂದರು.

"ಇನ್ಮೇಲೆ ಕರೆಯಲ್ವಂತೆ?"

"ಇಲ್ಲ ರೂತಮ್ಮ. ನಾನೂ ಬಿಡ್ತಾ ಇದೀನಿ."

"ಪಾಪ, ಸಾಕಾಗಿರ್ಬೇಕು ನಿಮ್ಗೆ. ಬರೀ ಬೆಂಕಿ ಓದಿ ಓದಿ." ಬ್ಯಾಗನ್ನು ಮೇಜಿನ ಮೇಲಿಟ್ಟು, "ನೀವು ನಮ್ಮೋರಲ್ಲ ಅಲ್ವಾ?" ಎಂದರು.

"ಅಲ್ಲ."

"ಗೊತ್ತಿತ್ತು. ಪ್ರಾರ್ಥನೆ ಮಾಡೋವಾಗ ನೀವು ತಲೆ ಬಗ್ಗಿಸ್ತೀರ, ಕಣ್ಣು ಮುಚ್ಚಲ್ಲ. ನಾನು ಹೋದ್ಮೇಲೆ ಸುನಿಲನ್ನ ಕೇಳ್ತೀನಿ. ಅದು ಇದ್ದೇ ಇದೆ. ಇನ್ನೊಂದ್ ಹೆಸ್ರು ಕೇಳಿದ್ರೆ ದೇವ್ರೇನೂ ಬೈಯಲ್ಲ. ನಿಮ್ಹೆಸ್ರೇನು?"

ನಾನು ಮೇಜಿನ ಮೇಲಿನ ಹಾಳೆಗಳನ್ನು ಜೋಡಿಸತೊಡಗಿದೆ. ಹೇಳಬಾರದೆಂಬ ನಿಯಮ ನೆನಪಾಗಿ ಅಲ್ಲ. ನನ್ನ ಹೆಸರನ್ನು ಯಾರಾದರೂ ಎಲ್ಲಿಗಾದರೂ ಒಯ್ಯುತ್ತಾರೆ ಎಂಬುದು ನನಗೆ ಅಭ್ಯಾಸವಿರಲಿಲ್ಲ.

"ಮೇಡಂ ಅಂದ್ರೆ ಆಗಲ್ಲ," ಎಂದರು ರೂತಮ್ಮ. "ಅಲ್ಲಿ ಬೇಜಾನ್ ಜನ ಮೇಡಂಗಳು ಇರ್ತಾರೆ."

ಹೇಳಿದೆ. ಅಪ್ಪನ ಹೆಸರನ್ನೂ ಸೇರಿಸಿ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡು ಒಪ್ಪಿಸಿದರು. ಮೊದಲ ಸಲ ಅಪ್ಪನ ಹೆಸರು ಬಿಟ್ಟುಹೋಯಿತು. ಇನ್ನೊಂದು ಸಲ ಹೇಳಿದೆ. ಎರಡನೆಯ ಸಲ ಏನನ್ನೂ ಬಿಡಲಿಲ್ಲ, ಏನನ್ನೂ ಸೇರಿಸಲಿಲ್ಲ.